ತಗಡಿನ ಸದ್ದು ಕೇಳುವ ಕುಂಞಿ ಕಾಕ

ಸೌದಿಯ ಗುಡ್ಡನಾಡು ಖಮೀಸ್ ಮುಶೈತ್‌ನಲ್ಲಿ ನಮ್ಮ ಕೆಳಮನೆಯ ಅಬ್ದುಲ್ಲ ಕುಂಞಿ ಕಾಕ ಇಪ್ಪತ್ತಾರು ವರ್ಷದಿಂದ ನರ್ಸುಗಳ ವ್ಯಾನು ಓಡಿಸುತ್ತಿದ್ದಾರೆ. ಊರು ಉಳ್ಳಾಲ. ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಐದಕ್ಕೆ ಅವರ ವಾಯ್ಸ್ ನೋಟ್ ನರ್ಸುಗಳಿಗೆ ಹೋಗುತ್ತದೆ. "ಒಂದನೇ ವೈಪರ್" ಎಂದರೆ ತುಂತುರು, "ಎರಡನೇ ವೈಪರ್" ಎಂದರೆ ಜೋರು ಮಳೆ. "ವೈಪರ್ ಬೇಡ" ಎಂದರೆ ಘಾಟಿಯ ಮೇಲೆ ಹಿಮ, ವ್ಯಾನೇ ಹೊರಡುವುದಿಲ್ಲ.

ಬೆಂಗಳೂರಿನಲ್ಲಿ ಓದಿದ ನನಗೆ ಇದರಲ್ಲಿ ನಂಬಿಕೆಯಿರಲಿಲ್ಲ. ನನ್ನ ಫೋನಿನಲ್ಲಿ ಹವಾಮಾನದ ಮೂರು ಆ್ಯಪ್‌ಗಳಿವೆ. ಕಳೆದ ಜನವರಿಯ ಆ ಮಧ್ಯಾಹ್ನ ಒಂದು ಮಳೆ ಎನ್ನುತ್ತಿತ್ತು, ಇನ್ನೊಂದು ಐಸ್ ಚೂರು ಬೆರೆತ ಮಳೆ, ಮತ್ತೊಂದು ಹಿಮ. ನಾಲ್ಕು ವರ್ಷದ ಮಗಳು ಲುಜೈನ್‌ಳನ್ನು ಕರೆದುಕೊಂಡು ಘಾಟಿಯ ಕೆಳಗಿನ ಅಣ್ಣನ ಮನೆಗೆ ಹೋಗಿದ್ದ ನನ್ನ ಗಂಡ ಅನಸ್, ವಾಪಸು ಹತ್ತಿ ಬರಲು ನನ್ನ ಮಾತಿಗೆ ಕಾಯುತ್ತಿದ್ದರು. ಕಾರಿನ ಟಯರು ಬೇರೆ ಸವೆದಿತ್ತು.

ಎಂಟು ತಿಂಗಳ ಮಗ ಹಮ್ಮಾದ್‌ನನ್ನು ಸೊಂಟಕ್ಕೇರಿಸಿಕೊಂಡು ಕೆಳಗೆ ಕಾಕನ ಮನೆಗೆ ಓಡಿದೆ.

ಘಾಟಿಯ ತುದಿಯಲ್ಲಿ ಚಹಾದಂಗಡಿ ಇಟ್ಟಿರುವ ನಝೀಮ್‌ಗೆ ಕಾಕ ಫೋನು ಮಾಡಿ, ಸ್ಪೀಕರ್ ಹಾಕಿ, ಅದನ್ನು ತಗಡಿನ ಮಾಡಿನ ಹತ್ತಿರ ಹಿಡಿ ಎಂದರು. ಡಬಡಬ ಕೇಳಿತು. ಮಳೆ ಎಂದರು. ಸ್ವಲ್ಪ ಹೊತ್ತಿಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಿಟಿಚಿಟಿ. ಐಸ್ ಚೂರು ಎಂದು, ಹಮ್ಮಾದ್‌ಗೆ ಬಿಸ್ಕೆಟ್ ತರಲು ಒಳಗೆ ಹೋದರು. ಅಷ್ಟರಲ್ಲಿ ಸದ್ದು ಪೂರ್ತಿ ಅಡಗಿತು. ನನಗೆ ಜೀವ ಬಂದಂತಾಯಿತು. ಮಳೆ ನಿಂತಿದೆ, ಬೇಗ ಹೊರಡಿ ಎಂದು ಅನಸ್‌ಗೆ ಹೇಳಿಬಿಟ್ಟೆ.

ಕಾಕ ಬಂದವರು ಬಿಸ್ಕೆಟಿನ ಪೊಟ್ಟಣ ಹಿಡಿದು ಹಾಗೇ ನಿಂತರು.

"ನಿಂತದ್ದು ಅಂತ ಯಾರು ಹೇಳಿದ್ದು? ಹಿಮಕ್ಕೆ ಸದ್ದು ಉಂಟಾ ಮಾರಾಯ್ತಿ?"

ಹನ್ನೆರಡು ವರ್ಷದ ಹಿಂದೆ ಅವರೂ ಇದೇ ತಪ್ಪು ಮಾಡಿದ್ದರಂತೆ. ತಗಡು ಸುಮ್ಮನಾಯಿತೆಂದು ಏಳು ನರ್ಸುಗಳನ್ನು ಕೂರಿಸಿಕೊಂಡು ಹೊರಟಾಗ, ವ್ಯಾನು ತಿರುವಿನಲ್ಲಿ ಜಾರಿ ತಡೆಗೋಡೆಗೆ ಒರಗಿ ನಿಂತಿತ್ತಂತೆ. ಇದೆಲ್ಲ ಆಮೇಲೆ ಹೇಳಿದ್ದು.

ತಕ್ಷಣ ಮತ್ತೆ ಕರೆ ಮಾಡಿದೆ, ಅನಸ್ ಫೋನು ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನು ಮುಟ್ಟಬಾರದೆಂದು ಆಣೆ ಹಾಕಿಸಿಕೊಂಡವಳು ನಾನೇ.

ಕಾಕ ಘಾಟಿಯ ಬುಡದ ಪೆಟ್ರೋಲ್ ಬಂಕಿನ ಇಮ್ತಿಯಾಜ್‌ಗೆ ಫೋನು ಹಚ್ಚಿದರು. ಬೂದು ಕಾರು, ಹಿಂದಿನ ಗಾಜಿನಲ್ಲಿ ಹಳದಿ ಬಾತುಕೋಳಿಯ ಸ್ಟಿಕರ್, ಹೇಗಾದರೂ ನಿಲ್ಲಿಸು ಎಂದರು. ಹದಿನೇಳು ನಿಮಿಷ ನಾನು ಏನೇನು ಯೋಚಿಸಿದೆನೋ ಬರೆಯಲಾರೆ. ಇಮ್ತಿಯಾಜ್ ಕೆಂಪು ಬಕೆಟ್ ಎತ್ತಿ ಹಿಡಿದು ರಸ್ತೆ ಮಧ್ಯೆ ನಿಂತಿದ್ದನಂತೆ. ಕೊನೆಗೆ ಅವನ ಫೋನಿನಿಂದ ಲುಜೈನ್‌ಳ ದೂರು ಬಂತು: "ಮಮ್ಮೀ, ಇಲ್ಲಿ ಸ್ನೋನೇ ಇಲ್ಲ, ಓನ್ಲಿ ಮಳೆ."

ಕಾಕನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಅತ್ತುಬಿಟ್ಟೆ.

ಎರಡು ಗಂಟೆಯ ನಂತರ ನಝೀಮ್‌ನ ತಗಡು ಮತ್ತೆ ಚಿಟಿಚಿಟಿ ಎಂದಿತು, ಆಮೇಲೆ ಡಬಡಬ. ಆಗಲೂ ಕಾಕ ಬಿಡಲಿಲ್ಲ. ಮಳೆ ರಸ್ತೆ ತೊಳೆಯಲಿ ಎಂದು ಇನ್ನೊಂದು ಗಂಟೆ ಕಾಯಿಸಿ, ಅನಸ್‌ಗೆ ಹೇಳಿದರು: "ಈಗ ಬಾ. ಎರಡನೇ ವೈಪರ್. ನಿನ್ನ ಟಯರಿನ ಕತೆ ಗೊತ್ತುಂಟು ನಂಗೆ, ಮೆಲ್ಲ ಬಾ."

ಸಂಜೆ ಮಗ್ರಿಬ್ ಬಾಂಗಿನ ಹೊತ್ತಿಗೆ ಬಂದರು. ಲುಜೈನ್‌ಳ ಕೈಯಲ್ಲಿ ನಝೀಮ್‌ನ ಅಂಗಡಿಯ ಪೇಪರ್ ಕಪ್ಪು, ಅದರ ತುಂಬ ಅರ್ಧ ಕರಗಿದ ಹಿಮ. ನನ್ನ ಅಪ್ಪುಗೆಯಿಂದ ನುಣುಚಿಕೊಂಡು ಕಾಕನಿಗೆ ತೋರಿಸಲು ಓಡಿದಳು. ಅವರು ಕಪ್ಪನ್ನು ಕಿವಿಗೆ ಹಿಡಿದು, ನನ್ನ ಕಡೆ ನೋಡಿ, "ಸದ್ದಿಲ್ಲ" ಎಂದರು.

ಆ ದಿನ ನಾನು ಮೊದಲ ಸಲ ನಕ್ಕೆ.