ಠಾಣೆ ಸ್ಟೇಷನ್ನಿನಲ್ಲಿ ಸಿಕ್ಕ ಖೋ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವ ಜಾಯಮಾನ ನನ್ನದಲ್ಲ. ಯಾರಾದರೂ "ಹಿಂದಿನಿಂದ ಯಾರೋ ಕರೆದ ಹಾಗಾಯಿತು" ಎಂದು ಶುರು ಮಾಡಿದರೆ, ಸರಿಯಾಗಿ ನಿದ್ದೆ ಮಾಡಿ ಎಂದು ಹೇಳಿ ಎದ್ದು ಹೋಗುತ್ತಿದ್ದವಳು ನಾನು. ಬೆಕ್ಕು ಅಡ್ಡ ಬಂತೆಂದು ಅಮ್ಮ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ನಿಂತುಬಿಟ್ಟರೆ, ಪಾಪ, ಆ ಬೆಕ್ಕಿಗೂ ಲೋಕಲ್ ಟ್ರೇನು ಹಿಡಿಯಬೇಕಿತ್ತೇನೋ ಎಂದು ಗೇಲಿ ಮಾಡುತ್ತಿದ್ದೆ. ಹಾಗಿರುವಾಗ ಒಂದು ಭಾನುವಾರ, ಹಾಡುಹಗಲಲ್ಲಿ, ನೂರಾರು ಜನರ ನಡುವೆ ನನಗೇ ಅಂಥದ್ದೊಂದು ಆಯಿತು. ನೀವು ನಂಬಬೇಕೆಂದೇನೂ ಇಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆಯಿಲ್ಲ.

ಎರಡು ಸಾವಿರದ ಹನ್ನೊಂದರ ಆಚೀಚೆಯ ಮಾತು. ನನಗೆ ಇಪ್ಪತ್ತೆರಡು ವರ್ಷ. ಅಪ್ಪ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಮಗಳು ಮೈದಾನದ ಮಣ್ಣಿನಲ್ಲಿ ಹೊರಳಾಡಿ ಖೋ-ಖೋ ಆಡುತ್ತಾಳೆ ಎಂದು ಮೊದಮೊದಲು ಮುಜುಗರಪಟ್ಟವರು, ಆಮೇಲಾಮೇಲೆ ಕೌಂಟರಿನ ಹಿಂದೆ ದೇವರ ಫೋಟೋದ ಪಕ್ಕದಲ್ಲೇ ನನ್ನ ಕಪ್‌ಗಳನ್ನು ಸಾಲಾಗಿ ಇಟ್ಟರು.

ಈ ಆಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಟು ಜನ ಒಂದು ಸಾಲಿನ ಚೌಕಗಳಲ್ಲಿ ಕೂತಿರುತ್ತೇವೆ, ಒಂಬತ್ತನೆಯವಳು ಎದುರಾಳಿಯನ್ನು ಅಟ್ಟುತ್ತಿರುತ್ತಾಳೆ. ಅವಳು ಹಿಂದಿನಿಂದ ಬಂದು ನಮ್ಮ ಬೆನ್ನಿಗೆ ಬಡಿದು "ಖೋ" ಎಂದರೆ ಸಾಕು, ಎದ್ದು ಓಡಬೇಕು. ತಲೆಗೆ ತಿಳಿಯುವ ಮೊದಲೇ ಕಾಲು ಎದ್ದಿರಬೇಕು. ಒಮ್ಮೆ ಒಂದು ದಿಕ್ಕು ಹಿಡಿದರೆ ಕೊನೆಯ ಕಂಬದ ತನಕ ಹಿಂದೆ ತಿರುಗುವಂತಿಲ್ಲ. ಹತ್ತು ವರ್ಷ ಹೀಗೆ ಕೂತೂ ಕೂತೂ ಗೆಳತಿಯರ ಮುಖಕ್ಕಿಂತ ಅವರ ಅಂಗೈಗಳೇ ನನಗೆ ಚೆನ್ನಾಗಿ ಪರಿಚಯವಾಗಿದ್ದವು. ವೈಶಾಲಿಯ ಕೈಯನ್ನಂತೂ ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದೆ. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಅವಳ ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡೇ ಉಳಿದಿದ್ದವು. ಉಳಿದ ಮೂರು ಬೆರಳಿನಿಂದ, ಎಡ ಹೆಗಲಿನ ಕೆಳಗೆ, ಪ್ರತಿ ಸಲವೂ ಅದೇ ಜಾಗಕ್ಕೆ ಬಡಿಯುತ್ತಿದ್ದಳು.

ಆ ವರ್ಷ ನಮ್ಮ ತಂಡ ಫೈನಲ್‌ಗೆ ಬಂದಿತ್ತು. ರಾಜ್ಯ ತಂಡಕ್ಕೆ ಆರಿಸುವವರು ಬರುತ್ತಿದ್ದರು, ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಕೊಡುವ ಕಚೇರಿಯವರೂ ಬರುತ್ತಿದ್ದರು. ಇದು ಕೈತಪ್ಪಿದರೆ ಮದುವೆ ಮಾಡಿ ಕಳಿಸುವುದೇ ಸರಿ ಎಂದು ಮನೆಯಲ್ಲಿ ಆಗಲೇ ಮಾತು ಶುರುವಾಗಿತ್ತು.

ಮತ್ತು ಅದೇ ಹೊತ್ತಿಗೆ ನಾನು ಪ್ರೀತಿಯಲ್ಲಿ ಬಿದ್ದಿದ್ದೆ. ಸುಮ್ಮನೆ ಅಲ್ಲ, ದೊಪ್ಪೆಂದು ಬಿದ್ದಿದ್ದೆ. ಪ್ರಸನ್ನ ಸೀವುಡ್ಸ್‌ನವರು, ಹಡಗಿನಲ್ಲಿ ಇಂಜಿನಿಯರ್. ಎರಡು ತಿಂಗಳ ಹಿಂದೆ ಸಂಬಂಧಿಕರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರು, ಪಾಯಸ ಬರುವ ಹೊತ್ತಿಗೆ ನನ್ನನ್ನು ನಾಲ್ಕು ಸಲ ನಗಿಸಿದ್ದರು. ಆಮೇಲೆ ದಿನಾ ಫೋನು. ಒಂದು ದಿನ "ನನ್ನನ್ನು ಮದುವೆ ಆಗ್ತೀಯಾ?" ಎಂದು ನೇರವಾಗಿ ಕೇಳಿಬಿಟ್ಟರು. ಇಂಥದ್ದಕ್ಕೆ ಫೋನಿನಲ್ಲಿ ಉತ್ತರ ಕೊಡುವವಳು ನಾನಲ್ಲ, ಎದುರಿಗೇ ಹೇಳುತ್ತೇನೆ ಎಂದು ಜಂಬ ಕೊಚ್ಚಿದೆ. ಅವರು ಎಂಟು ತಿಂಗಳಿಗೆ ಹಡಗು ಹತ್ತಬೇಕಿದ್ದದ್ದು ಆ ಭಾನುವಾರ. ಹತ್ತೂವರೆಗೆ ಸೀವುಡ್ಸ್ ಸ್ಟೇಷನ್ನಿನಲ್ಲಿ ನನಗಾಗಿ ಕಾದು, ಹನ್ನೊಂದಕ್ಕೆ, ಹಡಗಿದ್ದ ಊರಿಗೆ ಹಾರಲು, ಏರ್‌ಪೋರ್ಟಿಗೆ ಹೊರಡುವುದೆಂದು ಮಾತಾಗಿತ್ತು. ನನ್ನ ಫೈನಲ್ ಅದೇ ದಿನ ಸಂಜೆ ಐದಕ್ಕೆ, ಕಲ್ಯಾಣದಲ್ಲಿ. ಎಲ್ಲ ಸರಿಯಾಗಿ ಹೊಂದಿತ್ತು.

ಶನಿವಾರ ಸಂಜೆ ನಮ್ಮ ಕೋಚ್ ಸರ್ ಫೋನು ಮಾಡಿದರು. ಮುಖ್ಯ ಅತಿಥಿಗಳಿಗೆ ಸಂಜೆ ಬೇರೆ ಕಾರ್ಯಕ್ರಮವಂತೆ, ಫೈನಲ್ ಬೆಳಿಗ್ಗೆ ಹನ್ನೊಂದೂವರೆಗೆ!

ಡೊಂಬಿವಲಿಯಿಂದ ಕಲ್ಯಾಣ ಒಂದು ದಿಕ್ಕು, ಸೀವುಡ್ಸ್ ಅದರ ಪೂರಾ ಉಲ್ಟಾ. ಹಳಿ ರಿಪೇರಿಗೆಂದು ಟ್ರೇನು ಕಡಿಮೆ ಮಾಡುವ ಭಾನುವಾರದ ಮೆಗಾ ಬ್ಲಾಕ್ ಬೇರೆ. ರಾತ್ರಿಯಿಡೀ ಟೈಮ್‌ಟೇಬಲ್ ಹಿಡಿದು ಕೂತರೂ ಎರಡೂ ಕಡೆ ಮುಟ್ಟುವ ದಾರಿ ಕಾಣಲಿಲ್ಲ. ಕೊನೆಗೆ ಪ್ರಸನ್ನರ ಬಳಿಗೇ ಹೋಗುವುದೆಂದು ಗಟ್ಟಿ ಮಾಡಿ, ಬೆಳಿಗ್ಗೆ ನನ್ನ ಹೊಟ್ಟೆ ಕೆಟ್ಟಿದೆ ಎಂದು ಸರ್‌ಗೆ ಸುಳ್ಳು ಹೇಳಿದೆ. ನಿಜ ಹೇಳಿದ್ದು ವೈಶಾಲಿಗೆ ಮಾತ್ರ.

"ವೇಡೀ ಆಹೇಸ್ ಕಾ ತೂ?" ಎಂದು ಕಿರುಚಿದಳು. ಹುಚ್ಚು ಹಿಡಿದಿದೆಯಾ ಎಂದು ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ನಿನ್ನ ಬೆನ್ನು ನಂಬಿಕೊಂಡು ನಾನು ಓಡೋದು" ಎಂದು ಮರಾಠಿಯಲ್ಲೇ ಹೇಳಿ ಫೋನಿಟ್ಟಳು.

ಅಮ್ಮನಿಗೆ ಆಟಕ್ಕೆ ಹೋಗುತ್ತೇನೆ ಎಂದಿದ್ದರಿಂದ ಶೂ, ಜರ್ಸಿಯ ಚೀಲ ಹೆಗಲಿಗೇರಿಸಿಯೇ ಹೊರಟೆ. ಕೈಯಲ್ಲಿ ಪ್ರಸನ್ನರಿಗೆಂದು ಅಪ್ಪನ ಹೋಟೆಲಿನ ಬನ್ಸ್ ಕಟ್ಟಿಸಿದ ಪೊಟ್ಟಣ. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಪನ್ವೇಲ್ ಟ್ರೇನು ನಿಂತಿದ್ದ ಪ್ಲಾಟ್‌ಫಾರ್ಮಿಗೆ ಓಡಿದೆ. ಲೇಡೀಸ್ ಡಬ್ಬಿಯ ಕೊನೆಯ ಸೀಟು ಸಿಕ್ಕಿತು. ಚೀಲವನ್ನು ಹೆಗಲಿನಿಂದ ತೆಗೆಯದೆಯೇ ತೊಡೆಯ ಮೇಲಿಟ್ಟು, ಪೊಟ್ಟಣ ಪಕ್ಕದಲ್ಲಿಟ್ಟು, ಬೆನ್ನು ಒರಗಿಸಿ ಉಸಿರುಬಿಟ್ಟೆ. ನನ್ನ ಹಿಂದೆ ಇದ್ದದ್ದು ಡಬ್ಬಿಯ ಕೊನೆಯ ತಗಡಿನ ಗೋಡೆ. ಜಾಲರಿಯಲ್ಲ, ಕಿಟಕಿಯಲ್ಲ, ಗಟ್ಟಿ ಗೋಡೆ. ಇದನ್ನು ದಯವಿಟ್ಟು ನೆನಪಿಡಿ. ಮನಸ್ಸು ಹಗುರಾಗಿತ್ತು. ನಿರ್ಧಾರ ಆಗಿಹೋಗಿತ್ತು, ಪ್ರಸನ್ನರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ.

"ಖೋ!"

ಎಡ ಹೆಗಲಿನ ಕೆಳಗೆ, ಮೂರು ಬೆರಳು, ಫಟ್ಟೆಂದು ಬಡಿದವು. ಅಷ್ಟೇ. ಎದ್ದದ್ದು ನನಗೆ ಗೊತ್ತಿಲ್ಲ. ಬಾಗಿಲಿನಲ್ಲಿ ನಿಂತಿದ್ದ ಹೆಂಗಸರ ನಡುವೆ ನುಗ್ಗಿದ್ದೂ ಗೊತ್ತಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಹತ್ತು ಹೆಜ್ಜೆ ಓಡಿದ ಮೇಲೆ ನನಗೆ ನಾನು ಸಿಕ್ಕಿದೆ. ತಿರುಗಿ ನೋಡುವಾಗ ಟ್ರೇನು ಹೊರಟಿತ್ತು. ಕಿಟಕಿಯಿಂದ ಒಬ್ಬ ಹೆಂಗಸು ಬನ್ಸ್ ಪೊಟ್ಟಣ ಎತ್ತಿ ತೋರಿಸುತ್ತ "ಅಹೋ, ತುಮಚಾ ಡಬ್ಬಾ!" ಎಂದು ಕೂಗುತ್ತಿದ್ದಳು.

ನನ್ನ ಎದೆ ಡವಡವ ಎನ್ನುತ್ತಿತ್ತು. ಹೆದರಿಕೆಯೆಂದು ಹೇಳಿದರೆ ಸುಳ್ಳಾಗುತ್ತದೆ, ಅದು ಆಟ ಶುರುವಾದಾಗಿನ ಹುರುಪು. ಮುಂದಿನ ಪನ್ವೇಲ್ ಟ್ರೇನಿಗೆ ಕಾಯಬಹುದಿತ್ತು. ಆದರೆ ಕಾಲು ದಿಕ್ಕು ಹಿಡಿದಾಗಿತ್ತು. ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಲೇ ಪ್ರಸನ್ನರಿಗೆ ಫೋನು ಮಾಡಿದೆ.

"ಎಲ್ಲಿದ್ದಿ?" ಎಂದರು.

"ಠಾಣೆಯಲ್ಲಿ. ಟ್ರೇನಿನಿಂದ ಇಳಿದುಬಿಟ್ಟೆ. ಕಲ್ಯಾಣಕ್ಕೆ ಹೋಗ್ತಿದ್ದೇನೆ, ಆಡ್ಲಿಕ್ಕೆ."

ಅಷ್ಟರಲ್ಲಿ ಕಲ್ಯಾಣದ ಫಾಸ್ಟ್ ಲೋಕಲ್ ಬರುತ್ತಿರುವುದು ಕಂಡಿತು. ಎದುರಿಗೆ ನಿಂತು ಚೆಂದವಾಗಿ ಹೇಳಬೇಕೆಂದುಕೊಂಡಿದ್ದ ಉತ್ತರವನ್ನು ಏದುಸಿರು ಬಿಡುತ್ತ, ಜನರನ್ನು ತಳ್ಳುತ್ತ, "ಅಂದ್! ಅಂದ್!" ಎಂದು ತುಳುವಿನಲ್ಲಿ ಕೂಗಿದೆ. ಹೌದು, ಹೌದು ಎಂದು. ಪಕ್ಕದಲ್ಲಿದ್ದ ಮುದುಕರೊಬ್ಬರು ಬೆಚ್ಚಿ ಸರಿದುಕೊಂಡರು.

"ಆಯ್ತು, ಹೋಗಿ ಆಡು" ಎಂದರು ಪ್ರಸನ್ನ. ಅವರ ದನಿ ಹೇಗಿತ್ತೆಂದು ಗಮನಿಸುವಷ್ಟು ವ್ಯವಧಾನ ನನಗಿರಲಿಲ್ಲ.

ಮೈದಾನ ಮುಟ್ಟುವಾಗ ಹನ್ನೊಂದಕ್ಕೆ ಐದು ನಿಮಿಷ. ಸರ್ ನನ್ನ ಮುಖ ನೋಡಿ "ಶೂ ಹಾಕ್ಕೋ" ಎಂದರು, ಹೊಟ್ಟೆಯ ವಿಚಾರ ಎತ್ತಲೇ ಇಲ್ಲ. ಆ ದಿನ ನಾನು ಆಡಿದ ಹಾಗೆ ಅದರ ಮೊದಲೂ ಆಡಿಲ್ಲ, ಆಮೇಲೂ ಆಡಿಲ್ಲ. ಕೊನೆಯ ಅರ್ಧ ನಿಮಿಷಕ್ಕೆ ಅಂಕ ಸಮ, ಗೆಲ್ಲಲು ಒಬ್ಬಳನ್ನು ಔಟ್ ಮಾಡಬೇಕು. ವೈಶಾಲಿ ಬಂದು ಖೋ ಕೊಟ್ಟಳು, ಅದೇ ಜಾಗ, ಅದೇ ಮೂರು ಬೆರಳು. ಎದ್ದೆ, ಓಡಿದೆ, ಕಂಬದ ಹತ್ತಿರ ಮೈಯನ್ನು ಗಾಳಿಗೆ ಎಸೆದೆ. ಬೆರಳ ತುದಿಗೆ ಎದುರಾಳಿಯ ಹಿಮ್ಮಡಿ ತಾಗಿತು. ಸೀಟಿ! ಮಣ್ಣು ತಿಂದ ಬಾಯಲ್ಲೇ ಕಿರುಚಿದೆ. ನೌಕರಿ ಸಿಕ್ಕಿದ್ದು ಆ ಆಟದಿಂದಲೇ, ಇವತ್ತೂ ಅದರಲ್ಲೇ ಇದ್ದೇನೆ.

ಟ್ರೇನಿನ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಮೂರು ವರ್ಷದ ಮೇಲೆ ಘಣಸೋಲಿ ಗಾಂವ್‌ನಲ್ಲಿ ವೈಶಾಲಿಯ ಮದುವೆಯ ಅರಿಶಿನದ ದಿನ, ಅವಳ ಕೈಗೆ ಅರಿಶಿನ ಹಚ್ಚುತ್ತ, ಆ ಮಡಚಿದ ಬೆರಳುಗಳನ್ನು ನೋಡಿ ತಮಾಷೆಗೆಂದು ಹೇಳಿದೆ. ಅವಳು ನಗಲಿಲ್ಲ.

ನಮ್ಮ ಸರ್‌ದು ಒಂದು ಪದ್ಧತಿ ಇತ್ತು. ಯಾರಾದರೂ ಪ್ರಾಕ್ಟೀಸಿಗೆ ಬರದಿದ್ದರೆ ಅವಳ ಚೌಕದಲ್ಲಿ ಇನ್ನೊಬ್ಬಳನ್ನು ಕೂರಿಸುತ್ತಿರಲಿಲ್ಲ, ಖಾಲಿ ಬಿಡುತ್ತಿದ್ದರು. ಫೈನಲ್ ದಿನ ಬೆಳಿಗ್ಗೆ ವಾರ್ಮಪ್ಪಿಗೂ ಹಾಗೆಯೇ ಬಿಟ್ಟಿದ್ದರಂತೆ.

"ನಾನು ಓಡಿ ಬಂದವಳು ರೂಢಿಯಂತೆ ನಿನ್ನ ಖಾಲಿ ಚೌಕಕ್ಕೆ ಖೋ ಕೊಟ್ಟುಬಿಟ್ಟೆ. ಗಾಳಿಗೆ. ಎಲ್ಲರೂ ನಕ್ಕರು. ನನಗೆ ಅಳು ಬಂತು" ಎಂದಳು.

ಎಷ್ಟು ಗಂಟೆಗೆ ಎಂದು ಕೇಳಿದೆ. ಗಡಿಯಾರ ಯಾರು ನೋಡುತ್ತಾರೆ, ಹತ್ತರ ಸುಮಾರು ಇರಬೇಕು ಎಂದಳು. ನಾನು ಟ್ರೇನಿನಿಂದ ಇಳಿದದ್ದೂ ಹತ್ತರ ಸುಮಾರಿಗೇ.

ಅಷ್ಟರಲ್ಲಿ ಪ್ರಸನ್ನರೊಂದಿಗೆ ನನ್ನ ಮದುವೆಯಾಗಿತ್ತು. ಮನೆಗೆ ಬಂದು ಅವರಿಗೂ ಹೇಳಿದೆ. ಇಂಜಿನಿಯರ್ ಅಲ್ಲವೇ, ಅವರ ಬಳಿ ಎಲ್ಲದಕ್ಕೂ ಕಾರಣ ಇರುತ್ತದೆ. ಟ್ರೇನು ಹೊರಡುವಾಗ ತಗಡು ಅದುರುತ್ತದೆ, ಮೈಗೆ ಹತ್ತು ವರ್ಷದ ಅಭ್ಯಾಸ, ಮನಸ್ಸಿನಲ್ಲಿ ಅಪರಾಧಿ ಭಾವ, ಮೂರೂ ಸೇರಿ ಖೋ ಆಯಿತು ಎಂದು ಕಂಡಕಂಡವರಿಗೆಲ್ಲ ವಿವರಿಸಿ ನನ್ನನ್ನು ರೇಗಿಸುತ್ತಿದ್ದರು. ಶೂ ಚೀಲ ಕೂಡ ಸುಮ್ಮನೆ ತಂದಿರಲಿಕ್ಕಿಲ್ಲ ಎನ್ನುತ್ತಿದ್ದರು.

ಒಂದು ಸಂಜೆ ಸೀವುಡ್ಸ್‌ನ ಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಮತ್ತೆ ಅದೇ ರಾಗ ತೆಗೆದರು. ನನಗೂ ಸಾಕಾಗಿತ್ತು. "ಆಯ್ತಪ್ಪ, ನೀವು ಹೇಳಿದ್ದೇ ಸರಿ. ಕೈಯೂ ಇಲ್ಲ, ಗೀಯೂ ಇಲ್ಲ. ನಾನೇ ಎದ್ದು ಇಳಿದದ್ದು" ಎಂದೆ.

ಅವರು ಕೈಯಲ್ಲಿದ್ದ ಅಂಗಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು.

"ಬೇಡ ಮಾರಾಯ್ತಿ" ಎಂದರು. "ಕೈ ಇತ್ತು ಅಂತಲೇ ಇರ್ಲಿ. ಅವತ್ತು ನಿನ್ನ ಫೋನ್ ಬಂದ ಮೇಲೂ ಇನ್ನೊಂದು ಟ್ರೇನ್ ಬರುವಷ್ಟು ಹೊತ್ತು ನಾನು ಸ್ಟೇಷನ್ನಿನಲ್ಲೇ ನಿಂತಿದ್ದೆ."

ಆಮೇಲೆ ಅವರು ಆ ವಿಷಯವನ್ನು ತಮಾಷೆಗೂ ಎತ್ತಿಲ್ಲ. ನಾನು ಮಾತ್ರ ಇನ್ನೂ ಯೋಚಿಸುತ್ತಿರುತ್ತೇನೆ. ಕೈ ಇತ್ತೆಂದರೆ ನನ್ನ ಬುದ್ಧಿ ಒಪ್ಪುವುದಿಲ್ಲ. ಇರಲಿಲ್ಲವೆಂದರೆ, ಅವರ ಹತ್ತಿರ ಹೋಗುತ್ತಿದ್ದ ಟ್ರೇನಿನಿಂದ ಯಾರೂ ಎಬ್ಬಿಸದೆ ನಾನೇ ಇಳಿದೆ ಎಂದಾಗುತ್ತದೆ. ಅದನ್ನು ಒಪ್ಪಲು ನನಗೂ ಮನಸ್ಸು ಬರುವುದಿಲ್ಲ. ಇವತ್ತಿಗೂ ಲೋಕಲ್‌ನಲ್ಲಿ ಸೀಟು ಸಿಕ್ಕಿದರೆ ನಾನು ಒರಗಿ ಕೂರುವುದಿಲ್ಲ. ಬೆನ್ನಿಗೂ ತಗಡಿಗೂ ನಡುವೆ ಒಂದು ಅಂಗೈಯಷ್ಟು ಜಾಗ ಬಿಟ್ಟಿರುತ್ತೇನೆ.