ಮಾಯವಾಗದ ಸಾಲು

ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿದ ಹೊಸತರಲ್ಲಿ ಕಂಪನಿ ಬಸ್ಸಿನಲ್ಲಿ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಕಾರಣ, ಪಕ್ಕದ ಸೀಟಿನ ಮುತ್ತುರಾಜಣ್ಣ. ಅಂಗೈಯಗಲದ ಒಂದು ಮೆಷೀನು ಹಿಡಿದು, ಹುಬ್ಬು ಗಂಟಿಕ್ಕಿಕೊಂಡು, ಟಕಟಕ ಏನೋ ಒತ್ತುತ್ತಿದ್ದ. ಬಸ್ಸಿನಲ್ಲಿ ಯಾರು ತೂಕಡಿಸುತ್ತಾರೆಂದು ಕಂಪನಿಗೆ ವರದಿ ಒಪ್ಪಿಸುವ ಆಸಾಮಿ ಇವನೇ ಎಂದು ತೀರ್ಮಾನಿಸಿಬಿಟ್ಟೆ. ದಿನಾ ನೆಟ್ಟಗೆ ಕೂತು "ನಮಸ್ಕಾರ ಸಾರ್" ಎನ್ನುತ್ತಿದ್ದೆ. ಕಿಟಕಿ ಸೀಟನ್ನೂ ಬಿಟ್ಟುಕೊಟ್ಟೆ. ಕೊನೆಗೊಮ್ಮೆ ಇಣುಕಿದರೆ, ಪುಟ್ಟ ಪರದೆಯಲ್ಲಿ ಮೇಲಿನಿಂದ ಇಟ್ಟಿಗೆಗಳು ಬೀಳುತ್ತಿವೆ!

"ಇದೇನು ಸಾರ್?"

"ಒಸಿ ಸುಮ್ಕಿರ್ಲಾ, ಉದ್ದಂದು ಇಟ್ಗೆ ಬರ್ಬೇಕು."

ವಿಡಿಯೋ ಗೇಮು. ಆಡುತ್ತಿದ್ದವನೂ ನನ್ನ ಹಾಗೇ ಫ್ಯಾಕ್ಟರಿಯ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಲಾರಿಗೆ ತುಂಬುವವನು. ಬಾಯಿಗೆ ಅಂಟಿದ್ದ "ಸಾರ್" ಉದುರಿ "ಅಣ್ಣ" ಬರುವುದಕ್ಕೆ ಮತ್ತಷ್ಟು ದಿನ ಹಿಡಿಯಿತು.

ಮಗಳಿಗೆಂದು ಬಸ್ ಸ್ಟ್ಯಾಂಡಿನ ತಾಜ್ ಪಾಷಾನ ಅಂಗಡಿಯಲ್ಲಿ ಅದನ್ನು ಕೊಂಡಿದ್ದ. ಮಗಳಿಗೆ ಎರಡೇ ದಿನಕ್ಕೆ ಸಾಕಾಯಿತು, ಅಪ್ಪನಿಗೆ ಹಿಡಿಯಿತು. ಎಲ್ಲ ಲೆವೆಲ್ಲೂ ದಾಟಿದರೆ ಪರದೆಯಲ್ಲಿ ರಾಕೆಟ್ ಹಾರುತ್ತದೆಂದು ಪಾಷಾ ಹೇಳಿದ್ದನಂತೆ. ಅದನ್ನು ನೋಡಿಯೇ ತೀರುವ ಹಟ.

ಕೋಡಿಹಳ್ಳಿಯ ಹತ್ತಿರ ಅವನ ಮನೆ. ಮನೆಯ ಹಿಂದೆ ಕುರಿ ದೊಡ್ಡಿ, ಸುತ್ತ ಮುಳ್ಳುಬೇಲಿ. ಊರಲ್ಲಿ ಚಿರತೆ ಓಡಾಡುತ್ತಿತ್ತು. ಕುರಿಗಳು ಮರಿ ಹಾಕುವುದರೊಳಗೆ ಗೋಡೆ ಎತ್ತು ಎಂದು ಹೆಂಡತಿ ಕುಸುಮ ಹೇಳುತ್ತಲೇ ಇದ್ದಳು. ಕಲ್ಲು ತರಿಸಿಯೂ ಆಗಿತ್ತು. ಇವನದು ಒಂದೇ ಮಾತು: "ರಾಕೆಟ್ ನೋಡ್ಬುಟ್ಟು ಕಟ್ತೀನಿ."

ಒಂದು ನಸುಕಿನಲ್ಲಿ ಕುರಿ ಕಾಯುತ್ತೇನೆಂದು ಜಗಲಿಯಲ್ಲಿ ಕೂತು ಇಟ್ಟಿಗೆ ಜೋಡಿಸುತ್ತಿದ್ದ. ಕುರಿ ಕಿರುಚಿದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಚಿರತೆ ಬೇಲಿ ಹಾರಿ ಹೋಗಿತ್ತು. ಹೊತ್ತೊಯ್ದದ್ದು ಗಬ್ಬದ ಕುರಿ.

ಅವತ್ತು ಬಸ್ಸು ಹತ್ತಿದವನೇ ಮೆಷೀನನ್ನು ನನ್ನ ತೊಡೆಯ ಮೇಲೆ ಹಾಕಿದ.

"ತಕೋ. ಸರ್ಯಾಗಿ ಜೋಡ್ಸಿದ್ ಸಾಲು ಮಾಯ ಆಯ್ತದೆ, ತಪ್ಪಾಗ್ ಜೋಡ್ಸಿದ್ದು ತಲೆ ಮ್ಯಾಲೆ ಕುಂತ್ಕತದೆ. ಯಾವನ್ಲಾ ಇದ್ನ ಕಂಡಿಡ್ದವ್ನು?"

ಭಾನುವಾರ ಗೋಡೆ ಕಟ್ಟುವ ಸಹಾಯಕ್ಕೆಂದು ಅವನ ಊರಿಗೆ ಹೋದೆ. ನಾನಿಟ್ಟ ಮೊದಲ ಕಲ್ಲನ್ನು ಅವನು ಕಿತ್ತು, ತಿರುಗಿಸಿ ಇಟ್ಟ. ಎರಡನೆಯದನ್ನೂ ಕಿತ್ತ. ಆಮೇಲೆ ನನಗೆ ಕಲ್ಲು ಎತ್ತಿಕೊಡುವ ಕೆಲಸ ಮಾತ್ರ ಉಳಿಯಿತು. ಅವನ ಅಂಗೈ ತರಚಿ ರಕ್ತ ಬಂದಿತ್ತು. ಬಟ್ಟೆ ಸುತ್ತಿಕೊಂಡು ಮುಂದುವರಿಸಿದ. ಒಂದು ಸಾಲು ಮುಗಿದಾಗಲೆಲ್ಲ ಹಿಂದೆ ಸರಿದು ನೋಡುತ್ತಿದ್ದ. ಸಾಲು ಅಲ್ಲೇ ಇರುತ್ತಿತ್ತು.

ಕುಸುಮಕ್ಕ ಮಜ್ಜಿಗೆ ತಂದು, ಗೋಡೆಯನ್ನೂ ಗಂಡನನ್ನೂ ನೋಡಿದಳು. "ನಿಮ್ಮಣ್ಣಂಗೆ ಇವತ್ತು ಬ್ಯಾಟ್ರಿ ಬ್ಯಾರೆ ಕಡೆ ಹಾಕವ್ನೆ ದ್ಯಾವ್ರು. ಕತ್ಲಾಗೋ ಗಂಟ ನಿಲ್ಲಾಕಿಲ್ಲ, ನೋಡ್ತಿರು ದೀಪು."

ನಿಲ್ಲಲೂ ಇಲ್ಲ. ಹೊತ್ತು ಮುಳುಗುವಾಗ ಗೋಡೆ ನನ್ನ ಎದೆಮಟ್ಟಕ್ಕೆ ಬಂದಿತ್ತು; ಚಿರತೆಯನ್ನು ತಡೆಯಲು ಅದು ಸಾಲದು. ನನ್ನ ಸೊಂಟ ಬಿದ್ದುಹೋಗಿತ್ತು, ಜೇಬಿನಲ್ಲಿ ಆ ಮೆಷೀನು ಚುಚ್ಚುತ್ತಿತ್ತು. ನಾನಿನ್ನೂ ಮೂರನೇ ಲೆವೆಲ್ಲಿನಲ್ಲೇ ಇದ್ದೆ. ಸುಮ್ಮನಿರಲಾಗದೆ ಕುಸುಮಕ್ಕನ ಎದುರಲ್ಲೇ ಕೇಳಿಬಿಟ್ಟೆ:

"ಅಣ್ಣ, ರಾಕೆಟ್ ನೋಡ್ಲೇ ಇಲ್ವಲ್ಲ. ನಿಜ ಯೋಳು, ಬೇಜಾರಾಗಿ ಬುಟ್ಯಾ, ಸೋತು ಬುಟ್ಯಾ?"

ಮುತ್ತುರಾಜಣ್ಣ ತಿರುಗಿಯೂ ನೋಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿದ.

"ಸೋತೆ ಕಣ್ಲಾ. ಕಲ್ಲು ಕೊಡು."