ಮುಳ್ಳು ಮೊಳೆ

ಗುಬ್ಬಿಯನ್ನು ನಾನು ಮೊದಲು ಕಂಡ ದಿನ ಅವಳ ಮೊಣಕೈವರೆಗೂ ಲೋಳೆ ಮೆತ್ತಿತ್ತು. ಮೀನಿನ ಚರ್ಮ ಸುಲಿಯುವ ನಮ್ಮ ಶೆಡ್ಡಿಗೆ ಅವಳು ಹೊಸಬಳು. ಕೈಯಲ್ಲಿದ್ದ ಲೋಳೆಮೀನು ತನ್ನ ಮೈಯನ್ನೇ ಗಂಟು ಹಾಕಿಕೊಂಡು, ಆ ಗಂಟನ್ನು ಬಾಲದಿಂದ ತಲೆಯ ಕಡೆಗೆ ಜಾರಿಸಿ, ನುಣುಚಿಕೊಂಡು ಹೋಯಿತು.

"ಕಚ್ಚುತ್ತಾ ದೊಡ್ಡಮ್ಮ?" ಅಂದಳು.

"ಕಚ್ಚೋಕೆ ದವಡೇನೇ ಇಲ್ಲ ಕಣೇ ಅದಕ್ಕೆ. ಹಲ್ಲೆಲ್ಲ ನಾಲಿಗೆ ಮೇಲೆ. ಸತ್ತ ಮೀನಿನೊಳಗೆ ನುಗ್ಗಿ ತಿಂದು, ಬರೀ ಚರ್ಮದ ಚೀಲ ಬಿಟ್ಟು ಬರುತ್ತೆ."

ಕೆಲಸ ಹೇಳಿಕೊಟ್ಟೆ. ಪ್ರತಿ ಹಲಗೆಯಲ್ಲೂ ಒಂದು ಮೊಳೆ ತುದಿ ಮೇಲಾಗಿ ನಿಂತಿರುತ್ತದೆ. ತುದಿಯಲ್ಲಿ ಗಾಳಕ್ಕಿರುವಂಥ ಮುಳ್ಳು. ಜೀವ ಇರುವಾಗಲೇ ತಲೆಯನ್ನು ಅದಕ್ಕೆ ಚುಚ್ಚಿ, ಕತ್ತಿನ ಸುತ್ತ ಚಾಕು ಆಡಿಸಿ, ಚರ್ಮ ಎಳೆಯಬೇಕು. ಕಾಲುಚೀಲ ಕಳಚಿದ ಹಾಗೆ ಬರುತ್ತದೆ. ಬೆನ್ನೆಲುಬಿಲ್ಲ, ಅದರ ಜಾಗದಲ್ಲಿ ಮೆತ್ತನೆಯ ಹುರಿಯೊಂದಿದೆ. ಸುಲಿದ ಮೇಲೂ ಗುಂಡಿಗೆ ಬಡಿಯುತ್ತಲೇ ಇರುತ್ತದೆ. ಕೊನೆಗೆ ತಲೆ ಸೀಳಿ ಮೊಳೆಯಿಂದ ಬಿಡಿಸುತ್ತೇವೆ.

ಬೆನ್ನೆಲುಬಿರುವ ಪ್ರಾಣಿಗಳಿಗೆಲ್ಲ ಇವು ತೀರ ಹಳೆಯ ನೆಂಟರು ಎಂದು, ಕಾಲೇಜಿಗೆ ಮೀನು ಒಯ್ಯಲು ಬಂದ ಮೇಷ್ಟ್ರು ಹೇಳಿದ್ದರು. ಗುಬ್ಬಿಗೂ ಹೇಳಿದೆ.

"ನೆಂಟರನ್ನ ಸುಲಿಯೋದು ನಮ್ಮನೇಲೂ ಉಂಟು ಬಿಡು," ಎಂದು ನಕ್ಕು ತೋಳು ತೋರಿಸಿದಳು. ಗಂಡ ಕಾಸಿದ ಸೌಟು ಇಟ್ಟ ಗುರುತು. ತಪ್ಪಿಸಿಕೊಂಡು ಬಂದಿದ್ದಳು. "ಇನ್ನೊಂದ್ಸಲ ಸಿಕ್ಕಿದ್ರೆ ಕೊಂದೇ ಹಾಕ್ತಾನೆ."

ಒಂದು ಮಧ್ಯಾಹ್ನ ಅವನು ಬಂದ. ಜಡೆ ಹಿಡಿದು ಅವಳ ಮುಖವನ್ನು ಹಲಗೆಗೆ ಜಜ್ಜಿದ. ಹಲ್ಲೊಂದು ಹಾರಿ ನನ್ನ ಮಡಿಲಿಗೆ ಬಿತ್ತು.

"ನಡಿಯೇ ಮನೆಗೆ. ಅಲ್ಲಿದೆ ನಿಂಗೆ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎಂದು ಮೇಸ್ತ್ರಿ ಆಚೆ ತಿರುಗಿದ.

ಗುಬ್ಬಿ ಕೈಗೆ ಸಿಕ್ಕ ಬಕೆಟ್ಟಿನ ಲೋಳೆನೀರನ್ನು ಗಂಡನ ಮುಖಕ್ಕೆ ಎರಚಿದಳು. ಲೋಳೆ ಮೂಗು ಬಾಯಿಗೆ ತುಂಬಿತು. ಉಸಿರು ಕಟ್ಟಿ ಜಡೆ ಬಿಟ್ಟ, ಕಾಲು ಜಾರಿ ಮುಂದಕ್ಕೆ ಬಿದ್ದ. ಊರಿದ ಅಂಗೈ ನನ್ನ ಹಲಗೆಯ ಮೊಳೆಯ ಮೇಲೆ. ಮೊಳೆ ಕೈಯ ಹಿಂಬದಿಗೆ ಬಂತು. ಎಳೆದಷ್ಟೂ ಮುಳ್ಳು ಮಾಂಸಕ್ಕೆ ಸಿಕ್ಕಿಕೊಂಡಿತು.

ಆ ಮುಳ್ಳು ಕತ್ತರಿಸದೆ ಕೈ ಬಾರದು. ಕತ್ತರಿಸುವ ಇಕ್ಕಳ ಇಡೀ ಶೆಡ್ಡಿಗೆ ಒಂದೇ, ಅದು ನನ್ನ ಸೊಂಟದಲ್ಲಿತ್ತು.

"ಕತ್ತರಿಸಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ನನ್ನನ್ನು ಬೇಡಿದ.

ಗುಬ್ಬಿ ಚಾಕು ಎತ್ತಿಕೊಂಡಳು. ಮೀನಿನ ಕತ್ತು ನೋಡುವ ಹಾಗೆ ಅವನ ಕತ್ತನ್ನು ನೋಡಿದಳು. ಆಮೇಲೆ ಚಾಕುವನ್ನು ಖಾಲಿ ಬಕೆಟ್ಟಿಗೆ ಎಸೆದು, ಬಾಯಿಯ ರಕ್ತ ಒರೆಸಿಕೊಂಡು ಹಿಂಬಾಗಿಲಿಗೆ ಹೋದಳು. ಅಲ್ಲಿ ನಿಂತು ನನ್ನನ್ನು ಕೊನೆಯದಾಗಿ ಕೇಳಿದಳು:

"ದೊಡ್ಡಮ್ಮ, ನನ್ನ ಬಸ್ಸು ಹೊರಡೋ ತನಕ ಆ ಇಕ್ಕಳ ನಿನ್ನ ಸೊಂಟದಲ್ಲೇ ಇರುತ್ತಾ?"